ಹೊಸ್ತಿಲ ಬಳಿಯ ಸಾಕ್ಷಿ

ಬೆಳಗಾವಿಯ ಕೋಟೆ 1818ರಲ್ಲಿ ಇಂಗ್ಲಿಷರ ವಶವಾಗಿ, ಊರಿನ ಮಗ್ಗುಲಿನ ಬಯಲಿನಲ್ಲಿ ದಂಡಿನ ಪಾಳೆಯವು ನೆಲೆಗೊಂಡು ಎರಡು ವರ್ಷ ಕಳೆಯುವಷ್ಟರಲ್ಲಿ, ಬಳ್ಳಾರಿಯಿಂದ ಜೋಸೆಫ್ ಟೇಲರ್ ಎಂಬ ಪಾದ್ರಿಗಳು ಇಲ್ಲಿಗೆ ಬಂದರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅವರು ಬೈಬಲನ್ನು ಕನ್ನಡಕ್ಕೆ ತರುವ ದೀರ್ಘಪರಿಶ್ರಮದಲ್ಲಿ ಮುಳುಗಿದ್ದ ಕಾಲವದು. ಟೇಲರ್ ಈ ಹ್ಯಾಂಡ್ಸ್ ಅವರ ಜೊತೆಗಾರರು. ಲಂಡನ್ ಮಿಷನರಿ ಸೊಸೈಟಿಯ ಪರವಾಗಿ ಅವರು ಬೆಳಗಾವಿಗೆ ಬಂದದ್ದು ಇಲ್ಲಿದ್ದ ಸೇನಾಧಿಕಾರಿಗಳು ಕರೆದುದರಿಂದ. ಹೀಗಾಗಿ ಈ ಊರಿನ ಪ್ರಾಟೆಸ್ಟಂಟ್ ಸಭೆಯ ಚರಿತ್ರೆಯು ಒಂದು ಆಮಂತ್ರಣದಿಂದ ಮೊದಲಾಗುತ್ತದೆ ಎನ್ನಬಹುದು. ಆದರೆ ಆಮಂತ್ರಿಸಿದವರು ಊರಿನವರಲ್ಲ, ಊರನ್ನು ಗೆದ್ದವರು ಎಂಬುದನ್ನೂ ಅದರೊಡನೆಯೇ ನೆನೆಯಬೇಕಾಗುತ್ತದೆ. ಗೆದ್ದವರ ಅತಿಥಿಯಾಗಿ ಬಂದವನು ಸೋತವರ ಮನೆಯಲ್ಲಿ ಅತಿಥಿಯಾಗುವುದು ಹೇಗೆ? ಅವನ ಧರ್ಮವು ಪಾಳೆಯದ ಬೇಲಿಯನ್ನು ದಾಟಿ ಓಣಿಯ ಹೊಸ್ತಿಲಿಗೆ ಬರುವುದು ಯಾವ ದಾರಿಯಿಂದ? ಅಂದಿನಿಂದ ಇಂದಿನವರೆಗೆ ಬೆಳಗಾವಿ ಖಾನಾಪುರಗಳ ಕ್ರೈಸ್ತರು ಈ ಪ್ರಶ್ನೆಗೆ ಉತ್ತರ ಕೊಡುತ್ತಲೇ ಬಂದಿದ್ದಾರೆ; ಆ ಉತ್ತರದ ಬಹುಭಾಗವು ಪ್ರವಚನಪೀಠದಲ್ಲಿ ಅಲ್ಲ, ಅಡುಗೆಮನೆಯಲ್ಲಿಯೂ ಶಾಲೆಯ ಪಡಸಾಲೆಯಲ್ಲಿಯೂ ರೂಪುಗೊಂಡಿತೆಂದು ನನಗೆ ತೋರುತ್ತದೆ.

ಮೊದಲು ಶಾಲೆಯ ಮಾತು. ಟೇಲರ್ ಅವರ ಬಳಿಕ ಬಂದ ವಿಲಿಯಂ ಬೆನನ್ ಅವರ ಹೆಸರನ್ನು ಹೊತ್ತ ಬೆನನ್ ಸ್ಮಿತ್ ಹೈಸ್ಕೂಲು ತನ್ನ ಮೂಲವನ್ನು 1830ರ ದಶಕದಲ್ಲಿ ಗುರುತಿಸಿಕೊಳ್ಳುತ್ತದೆ. ಜೆಸ್ವಿಟರು ನಡೆಸುವ ಸೇಂಟ್ ಪಾಲ್ಸ್ ಹೈಸ್ಕೂಲಿನ ಆರಂಭ 1856ರಲ್ಲಿ. 1904ರಲ್ಲಿ ಲಂಡನ್ ಮಿಷನ್ನಿನವರು ತಮ್ಮ ಕಾರ್ಯಕ್ಷೇತ್ರವನ್ನು ಅಮೆರಿಕದ ಮೆಥಡಿಸ್ಟರಿಗೆ ಒಪ್ಪಿಸಿಕೊಟ್ಟರು. ಹೆಣ್ಣುಮಕ್ಕಳ ಪಾಲಿಗೆ ವನಿತಾ ವಿದ್ಯಾಲಯವು ಆ ಪರಂಪರೆಯದು. ಇಷ್ಟೆಲ್ಲ ಶಾಲೆಗಳು ನಡೆದೂ ಬೆಳಗಾವಿ ಜಿಲ್ಲೆಯ ಜನಸಂಖ್ಯೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಮತಪ್ರಸಾರದ ಲೆಕ್ಕದಿಂದ ನೋಡಿದರೆ ಇದು ವಿಫಲತೆಯೆಂದೇ ಹೇಳಬೇಕು, ಹಾಗೆ ಹೇಳಿದವರೂ ಉಂಟು. ಆದರೆ ಈ ಊರಿನ ಹಳೆಯ ವಕೀಲರನ್ನಾಗಲಿ, ವೈದ್ಯರನ್ನಾಗಲಿ, ನಿವೃತ್ತ ಗುಮಾಸ್ತರನ್ನಾಗಲಿ ಮಾತಿಗೆಳೆದು ನೋಡಿ. ವಿಭೂತಿ ಧರಿಸುವವರು, ಜನಿವಾರದವರು, ಜೈನ ಬಸದಿಗೆ ಹೋಗುವವರು, ನಮಾಜು ಮಾಡುವವರು, ಎಲ್ಲರೂ ತಮಗೆ ಇಂಗ್ಲಿಷ್ ಕಲಿಸಿದ ಒಬ್ಬ ಫಾದರನ್ನೋ ಲೆಕ್ಕ ತಪ್ಪಿದಾಗ ಸಂಜೆ ಕೂರಿಸಿಕೊಂಡು ತಿದ್ದಿದ ಒಬ್ಬ ಟೀಚರಮ್ಮನನ್ನೋ ನೆನೆಯದೆ ಮಾತು ಮುಗಿಸುವುದಿಲ್ಲ. ಆ ಟೀಚರಮ್ಮನು ಅವರಿಗೆ ಧರ್ಮೋಪದೇಶ ಮಾಡಿದ್ದು ನೆನಪಿನಲ್ಲಿಲ್ಲ, ಮಾಡಿದ್ದರೂ ಮರೆತುಹೋಗಿದೆ. ಸುಳ್ಳು ಹೇಳಿದರೆ ಆಕೆಯ ಮುಖವು ಹೇಗೆ ಬಾಡುತ್ತಿತ್ತೆಂಬುದು ಮಾತ್ರ ಮರೆತಿಲ್ಲ. ಸುವಾರ್ತೆಯು ಉಪ್ಪಿನ ಹಾಗೂ ಹುಳಿಹಿಟ್ಟಿನ ದೃಷ್ಟಾಂತಗಳಿಂದ ಹೇಳುವ ಪ್ರಭಾವವು ಇದೇ ಜಾತಿಯದು: ಕಣ್ಣಿಗೆ ಬೀಳದೆ, ತಾನು ಕರಗಿ, ಬೇರೊಂದರ ರುಚಿಯನ್ನು ಬದಲಿಸುವುದು.

ಈಗ ಆತಿಥ್ಯದ ಮಾತಿಗೆ ಬರೋಣ. ಸುವಾರ್ತೆಗಳನ್ನು ಓದುವವರಿಗೆ ಒಂದು ಸಂಗತಿಯು ಬೇಗನೆ ಹೊಳೆಯುತ್ತದೆ. ಯೇಸು ಆತಿಥೇಯನಾಗಿ ಕಾಣುವುದಕ್ಕಿಂತ ಅತಿಥಿಯಾಗಿ ಕಾಣುವುದೇ ಹೆಚ್ಚು. ಸುಂಕ ವಸೂಲಿ ಮಾಡಿ ಊರಿನ ದ್ವೇಷಕ್ಕೆ ಪಾತ್ರನಾಗಿದ್ದ ಜಕ್ಕಾಯನನ್ನು ಮರದಿಂದ ಇಳಿಸಿ ಅವನ ಮನೆಯಲ್ಲಿ ತಂಗುತ್ತಾನೆ. ಬೇಥಾನ್ಯದಲ್ಲಿ ಮಾರ್ಥಳ ಅಡುಗೆಯನ್ನು ಉಣ್ಣುತ್ತಾನೆ. ಸಮಾರ್ಯದ ಬಾವಿಯ ಬಳಿ, ತನ್ನ ಜನರು ಮುಟ್ಟಲೊಲ್ಲದ ಹೆಂಗಸಿನ ಕೊಡದಿಂದ ಕುಡಿಯಲು ನೀರು ಬೇಡುತ್ತಾನೆ. ಎಮ್ಮಾಹುವಿನ ದಾರಿಯಲ್ಲಿ ಜೊತೆಗೂಡಿದ ಅಪರಿಚಿತನನ್ನು ಇಬ್ಬರು ಶಿಷ್ಯರು ಗುರುತಿಸಿದ್ದು ದಾರಿಯುದ್ದಕ್ಕೂ ಅವನು ಮಾಡಿದ ಶಾಸ್ತ್ರವಿವರಣೆಯಿಂದಲ್ಲ, ಹೊತ್ತು ಮುಳುಗಿತು ಇಲ್ಲಿಯೇ ಇರೆಂದು ಒತ್ತಾಯಮಾಡಿ ಕೂರಿಸಿದ ಮೇಲೆ ಅವನು ರೊಟ್ಟಿ ಮುರಿದ ರೀತಿಯಿಂದ. ಕೊಡುವುದು ಸುಲಭ, ಪಡೆಯುವುದು ಕಷ್ಟ. ಕೊಡುವವನ ಕೈ ಮೇಲಿರುತ್ತದೆ, ಪಡೆಯುವವನು ಬಾಗಬೇಕು. ಆತಿಥ್ಯವನ್ನು ಕುರಿತು ಕ್ರೈಸ್ತರು ಬರೆಯುವ ಪುಸ್ತಕಗಳಲ್ಲಿ ಹೆಚ್ಚಿನವು ಹೇಗೆ ಬಡಿಸಬೇಕೆಂಬುದನ್ನು ಹೇಳಿ ಮುಗಿಸಿಬಿಡುತ್ತವೆ, ಹೇಗೆ ಉಣ್ಣಬೇಕೆಂಬುದನ್ನು ಹೇಳುವುದಿಲ್ಲ. ನಮ್ಮ ಸೀಮೆಯಲ್ಲಿ ಈ ಎರಡನೆಯದೇ ದೊಡ್ಡ ಪಾಠ.

ಆದಿ ಸಭೆಗೆ ಕಟ್ಟಡಗಳಿರಲಿಲ್ಲವೆಂಬುದನ್ನು ಇಲ್ಲಿ ನೆನೆಯುವುದು ಯುಕ್ತ. ಫಿಲಿಪ್ಪಿಯಲ್ಲಿ ಕೆನ್ನೀಲಿ ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಲುದ್ಯಳ ಮನೆ, ಗುಡಾರ ಹೊಲಿದು ಜೀವಿಸುತ್ತಿದ್ದ ಅಕ್ವಿಲ ಪ್ರಿಸ್ಕಿಲ್ಲ ದಂಪತಿಗಳ ಮನೆ, ಇಂಥವೇ ಅಂದಿನ ಚರ್ಚುಗಳು. ದಾರಿಹೋಕ ಬೋಧಕರು ಹೆಚ್ಚಿದಾಗ ಮೋಸಗಾರರೂ ಬಂದು ಸೇರಿದರೆಂದು ತೋರುತ್ತದೆ. ‘ದಿದಾಖೆ’ ಎಂಬ ಪ್ರಾಚೀನ ಸಭಾನಿಯಮಗ್ರಂಥವು ಸಂಚಾರಿ ಬೋಧಕನು ಒಂದು ದಿನ, ಅಗತ್ಯಬಿದ್ದರೆ ಎರಡು ದಿನ ತಂಗಬಹುದು, ಮೂರನೆಯ ದಿನವೂ ನಿಂತರೆ ಅವನನ್ನು ನಂಬಬೇಡಿರೆಂದು ವಿಧಿಸುತ್ತದೆ. ನೆಂಟರ ವಿಷಯದಲ್ಲಿ ನಮ್ಮ ಹೆಂಗಸರ ಅನುಭವವೂ ಇದಕ್ಕಿಂತ ದೂರವೇನಲ್ಲ! ಕ್ರಿ.ಶ. 362ರ ಸುಮಾರಿಗೆ, ಹಳೆಯ ದೇವತೆಗಳ ಪೂಜೆಯನ್ನು ಪುನಃ ಸ್ಥಾಪಿಸಹೊರಟ ರೋಮ್ ಸಾಮ್ರಾಟ ಜೂಲಿಯನ್ ತನ್ನ ಪ್ರಧಾನ ಪೂಜಾರಿಯೊಬ್ಬನಿಗೆ ಬರೆದ ಪತ್ರದಲ್ಲಿ, ಪರದೇಶಿಗಳನ್ನು ಸತ್ಕರಿಸುವುದರಿಂದಲೂ ಅನಾಥಶವಗಳನ್ನು ಮಣ್ಣುಮಾಡುವುದರಿಂದಲೂ ಈ ಕ್ರೈಸ್ತರು ಬೆಳೆಯುತ್ತಿದ್ದಾರೆ, ನಮ್ಮವರೇಕೆ ಹಾಗೆ ಮಾಡುತ್ತಿಲ್ಲ ಎಂದು ಅಸಮಾಧಾನಪಟ್ಟುಕೊಂಡಿದ್ದಾನೆ. ವಿರೋಧಿಯು ಕೊಟ್ಟ ಪ್ರಶಸ್ತಿಪತ್ರಕ್ಕಿಂತ ಮೇಲಾದುದು ಇನ್ನೇನುಂಟು?

ಬೆಳಗಾವಿಯು ತಾನೇ ಅತಿಥಿಪ್ರಿಯವಾದ ಊರು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಇಲ್ಲಿ ನೆರೆದಾಗ ಬಂದವರ ನೀರಡಿಕೆಗಾಗಿಯೇ ತೋಡಿಸಿದ ಬಾವಿಯನ್ನು ಇಂದಿಗೂ ತಿಲಕವಾಡಿಯಲ್ಲಿ ಕಾಣಬಹುದು. ಲಿಂಗಾಯತರ ದಾಸೋಹ, ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವ ವಾರಕರಿಗಳಿಗೆ ದಾರಿಯುದ್ದಕ್ಕೂ ದೊರೆಯುವ ಊಟ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಬಂಡಿಗಳಿಗೆ ಸಿಗುವ ನೆರಳು, ಇವೆಲ್ಲ ಇದ್ದ ನೆಲಕ್ಕೆ ಕ್ರೈಸ್ತರು ಆತಿಥ್ಯವನ್ನು ಹೊಸದಾಗಿ ತಂದರೆಂದು ಹೇಳಿದರೆ ಅದು ಅಜ್ಞಾನ. ಅವರು ಬಂದು ಸೇರಿದ್ದು ಮೊದಲೇ ನಡೆಯುತ್ತಿದ್ದ ಒಂದು ಪಂಕ್ತಿಗೆ.

ಆ ಪಂಕ್ತಿಯಲ್ಲಿ ಅವರಿಗೆ ದೊರೆತ ಸ್ಥಾನವೇನೆಂಬುದನ್ನು ಡಿಸೆಂಬರದ ಕೊನೆಯ ವಾರದಲ್ಲಿ, ಹಳೆಯ ದಂಡಿನ ಪಾಳೆಯವಾದ ಕ್ಯಾಂಪಿನ ಓಣಿಗಳಲ್ಲಿ ನೋಡಬೇಕು. ಗೋವೆಯ ಮೂಲದ ಕೊಂಕಣಿ ಕ್ಯಾಥೊಲಿಕರ ಮನೆಗಳಲ್ಲಿ ಹಬ್ಬಕ್ಕೆ ಎಂಟು ಹತ್ತು ದಿನ ಮುಂಚಿನಿಂದಲೇ ರಾತ್ರಿ ಊಟದ ಅನಂತರ ಮೇಜಿನ ಸುತ್ತ ಮನೆಮಂದಿಯೆಲ್ಲ ಕೂಡುತ್ತಾರೆ. ಮೈದಾಹಿಟ್ಟಿಗೆ ತೆಂಗಿನ ಹಾಲು ಬೆರೆಸಿ ನಾದಿ, ಗೋಲಿಯಷ್ಟು ಉಂಡೆಯನ್ನು ಫೋರ್ಕಿನ ಹಲ್ಲುಗಳ ಬೆನ್ನ ಮೇಲೋ ತೊಳೆದಿಟ್ಟ ಹೊಸ ಬಾಚಣಿಗೆಯ ಮೇಲೋ ಒತ್ತಿ ಸುರುಳಿ ಸುತ್ತಿದರೆ ಕುಲ್‌ಕುಲ್. ಸುರುಳಿ ಬಿಚ್ಚಿಕೊಂಡರೆ ಎಣ್ಣೆಯಲ್ಲಿ ಅರಳಿ ಚಪ್ಪಟೆಯಾಗುತ್ತದೆಂದು ಅಜ್ಜಿ ಗದರಿಸುತ್ತಾಳೆ. ಕೊಬ್ಬರಿ, ಗಸಗಸೆ, ಸಕ್ಕರೆ ತುಂಬಿದ ಅರ್ಧಚಂದ್ರಾಕೃತಿಯ ನೆವ್ರಿ. ಕಪ್ಪು ಬೆಲ್ಲದಲ್ಲಿ ಗಂಟೆಗಟ್ಟಲೆ ಕೈಯಾಡಿಸಿದ ದೋದೋಲ್. ಮೆಥಡಿಸ್ಟರ ಕನ್ನಡ ಮನೆಗಳಲ್ಲಿ ಇದೇ ನೆವ್ರಿಯು ಕರ್ಚಿಕಾಯಿ, ಜೊತೆಗೆ ಚಕ್ಕುಲಿ, ಶೇಂಗಾ ಹೋಳಿಗೆ, ರವೆ ಉಂಡಿ. ದೀಪಾವಳಿಯಲ್ಲಿ ನೆರೆಮನೆಯಿಂದ ಬಂದ ಫರಾಳದ ತಾಟಿಗೆ ಉತ್ತರವಾಗಿ ಈಗ ಇಲ್ಲಿಂದ ತಾಟುಗಳು ಹೊರಡುತ್ತವೆ, ಮೇಲೆ ಕಸೂತಿಯ ಬಟ್ಟೆ ಹೊದ್ದು. ಪಕ್ಕದ ಜೈನರ ಮನೆಗೂ ಲಿಂಗಾಯತರ ಮನೆಗೂ ಹೋಗುವ ತಾಟನ್ನು ಬೇರೆಯಾಗಿಯೇ ಜೋಡಿಸಿರುತ್ತಾರೆ. ಅದರ ಕರಿದ ತಿಂಡಿಯನ್ನು ಹೊಸ ಎಣ್ಣೆಯಲ್ಲಿ ಎಲ್ಲಕ್ಕಿಂತ ಮೊದಲು ಕರಿದಿರುತ್ತಾರೆ, ಕೇಕಿದ್ದರೆ ಮೊಟ್ಟೆಯಿಲ್ಲದ್ದು. “ತತ್ತಿ ಹಾಕಿಲ್ಲರೀ ವೈನಿ, ಅಜ್ಜಿಗೂ ಕೊಡ್ರಿ” ಎಂದು ಹೊಸ್ತಿಲಲ್ಲಿ ನಿಂತು ಹೇಳಿದರೆ, “ಒಳಗ ಬರ್ರಿ ಅಕ್ಕಾರ, ಚಹಾ ಕುಡದ್ ಹೋಗ್ರಿ, ತಾಟ ನಾಳೆ ಕಳಸ್ತೀನಿ” ಎಂದು ಉತ್ತರ ಬರುತ್ತದೆ. ನಾಳೆ ಕಳುಹಿಸುವುದೆಂದರೆ ತೊಳೆದು ಬರಿದಾಗಿ ಕಳುಹಿಸುವುದಲ್ಲ. ಹಿಡಿ ಸಕ್ಕರೆಯನ್ನಾದರೂ ನಾಲ್ಕು ಬಾಳೆಹಣ್ಣನ್ನಾದರೂ ಇಟ್ಟೇ ಕಳುಹಿಸಬೇಕೆಂಬುದು ಈ ಕಡೆಯ ಎಲ್ಲ ಜಾತಿಯವರ ಕಟ್ಟಳೆ.

‘ತತ್ತಿ ಹಾಕಿಲ್ಲ’ ಎಂಬ ಆ ಮಾತಿನಲ್ಲಿ, ನನ್ನ ಎಣಿಕೆಯಂತೆ, ಒಂದು ಪ್ರಸಂಗದಷ್ಟು ದೈವಜ್ಞಾನ ಅಡಗಿದೆ. ನನ್ನ ಹಬ್ಬವು ನಿನ್ನ ನೇಮವನ್ನು ಕೆಡಿಸಕೂಡದು ಎಂಬ ಎಚ್ಚರವದು. ಸಂತ ಪೌಲನು ಕೊರಿಂಥದವರಿಗೆ ಆಹಾರದ ವಿಷಯವಾಗಿ ಬರೆಯುವಾಗ, ತನಗೆ ಎಲ್ಲವೂ ಸಲ್ಲುವುದಾದರೂ ಪಕ್ಕದವನ ಮನಸ್ಸಾಕ್ಷಿಗೆ ಎಡವುಗಲ್ಲಾಗುವುದನ್ನು ತಾನು ತಿನ್ನೆನೆಂದ ತರ್ಕವೂ ಇದೇ.

ಈ ತರ್ಕವನ್ನು ಅದರ ಕೊನೆಯವರೆಗೆ ನಡೆಸಿಕೊಂಡು ಹೋದವರು ದೇಶನೂರಿನ ಜೆಸ್ವಿಟರು. ಬೈಲಹೊಂಗಲ ತಾಲ್ಲೂಕಿನ ಈ ಹಳ್ಳಿಯಲ್ಲಿ ಗೋವೆಯ ಕಡೆಯಿಂದ ಬಂದ ಪಾದ್ರಿಗಳು, ಬಿಳಿಯ ನಿಲುವಂಗಿಯನ್ನು ಬಿಟ್ಟು ಕಾವಿಯನ್ನು ಉಟ್ಟು, ಮಾಂಸಾಹಾರವನ್ನು ತ್ಯಜಿಸಿ, ಸುತ್ತಣ ಲಿಂಗಾಯತ ಮಠಗಳ ರೀತಿನೀತಿಗಳನ್ನು ಅನುಸರಿಸಿ ಬಾಳುತ್ತಿದ್ದಾರೆ. ಹದಿನೇಳನೆಯ ಶತಮಾನದ ಆದಿಯಲ್ಲಿ ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ತೊಟ್ಟ ಸಂನ್ಯಾಸಿವೇಷದ ದೂರದ ಪ್ರತಿಧ್ವನಿ ಇದರಲ್ಲುಂಟು. 2019ರ ಆಗಸ್ಟಿನಲ್ಲಿ ಬೆಳಗಾವಿಯ ಬಿಷಪ್ ಡೆರೆಕ್ ಫರ್ನಾಂಡಿಸ್ ಅವರು ಅಲ್ಲಿಯ ಪೂಜೆಗೆ ಹೋದಾಗ ಕಾವಿಯ ಶಲ್ಯವನ್ನು ಹೊದ್ದು, ಕೊರಳಲ್ಲಿ ರುದ್ರಾಕ್ಷಿಯೊಡನೆ ಕುಳಿತ ಚಿತ್ರವು ದೇಶದ ತುಂಬ ಹರಿದಾಡಿತು. ಇದೇನು ಅನ್ಯಾಚಾರವೆಂದು ಕ್ರೈಸ್ತರಲ್ಲಿ ಕೆಲವರು ಕೋಪಗೊಂಡರು. ಇದೇನು ಕಪಟವೆಂದು ಹಿಂದೂಗಳಲ್ಲಿ ಕೆಲವರು ಸಂಶಯಪಟ್ಟರು. ಎರಡೂ ಕಡೆಯವರಿಂದ ಬೈಗುಳ ತಿನ್ನುವವನು ಬಹುಶಃ ಸರಿಯಾದ ಸ್ಥಳದಲ್ಲಿಯೇ ನಿಂತಿದ್ದಾನೆಂದು ಹೇಳುವ ಚಪಲವಾಗುತ್ತದೆ. ಆದರೆ ಅದು ಅಷ್ಟು ಸರಳವಲ್ಲ. ಉಡುಪನ್ನು ಬದಲಿಸುವುದು ಒಂದು ವಾರದ ಕೆಲಸ, ನಾಲಗೆಯನ್ನು ಬದಲಿಸುವುದು ಒಂದು ಜೀವಮಾನದ್ದು. ಗೋವೆಯ ಮೀನು ಸಾರಿನಲ್ಲಿ ಬೆಳೆದವನೊಬ್ಬನು ಜೋಳದ ರೊಟ್ಟಿ, ಕಾಳಿನ ಪಲ್ಯ, ಗುರೆಳ್ಳು ಚಟ್ನಿಗಳಲ್ಲಿ ಆಯುಷ್ಯ ಕಳೆದನೆಂದರೆ, ಕಪಟವು ಅಷ್ಟು ದೀರ್ಘಕಾಲ ಹಸಿದಿರಲಾರದೆಂದು ನಾನು ನಂಬುತ್ತೇನೆ.

ಅತಿಥಿಯಾಗುವ ಕಲೆಯಲ್ಲಿ ಕನ್ನಡ ನಾಡಿಗೆ ಮಾದರಿಯಾದ ಕ್ರೈಸ್ತರನ್ನು ಹೆಸರಿಸೆಂದರೆ ನಾನು ನೆರೆಯ ಧಾರವಾಡದ ಉತ್ತಂಗಿ ಚನ್ನಪ್ಪನವರನ್ನು ಹೆಸರಿಸುವೆನು. 1881ರಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿದ್ದ ಇವರು, ಸರ್ವಜ್ಞನ ತ್ರಿಪದಿಗಳನ್ನು ಊರೂರು ಅಲೆದು, ಓಲೆಗರಿಯಿಂದಲೂ ಹಳ್ಳಿಗರ ಬಾಯಿಂದಲೂ ಬೇಡಿ ತಂದು, 1924ರಲ್ಲಿ ಗ್ರಂಥರೂಪಕ್ಕೆ ಇಳಿಸಿದರು. ತಮ್ಮನ್ನು ‘ತಿರುಳ್ಗನ್ನಡ ತಿರುಕ’ ಎಂದೇ ಕರೆದುಕೊಂಡರು. ಪಾದ್ರಿಯು ತನ್ನ ಬಳಿಯಿರುವ ಸತ್ಯವನ್ನು ಹಂಚಲು ಹೊರಡುವವನೆಂಬ ರೂಢಿಯ ಕಲ್ಪನೆಯನ್ನು ತಲೆಕೆಳಗು ಮಾಡಿ, ಜೋಳಿಗೆ ಹಿಡಿದು ಶರಣರ ಬಾಗಿಲಿಗೆ ಹೋದ ಪಾದ್ರಿ ಇವರು. ಮಠಗಳು ಅವರಿಗೆ ಬಾಗಿಲನ್ನು ತೆರೆದವು, ವಚನಗಳ ಕಟ್ಟುಗಳನ್ನು ಬಿಚ್ಚಿದವು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ನಾಡು ಅವರನ್ನು ಅಧ್ಯಕ್ಷರನ್ನಾಗಿ ಕರೆಯಿತು. ಕ್ರಿಸ್ತನಲ್ಲಿ ಅವರಿಗಿದ್ದ ನಿಷ್ಠೆಯು ಇದರಿಂದ ಎಳ್ಳಷ್ಟೂ ಸಡಿಲಲಿಲ್ಲ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಇದೇ ಕಾಲದಲ್ಲಿ ಉತ್ತರ ಭಾರತದಲ್ಲಿ ಅಮೆರಿಕದ ಮೆಥಡಿಸ್ಟ್ ಬೋಧಕ ಸ್ಟ್ಯಾನ್ಲಿ ಜೋನ್ಸ್ ಅವರು ಬೇರೆ ಬೇರೆ ಮತದವರನ್ನು ದುಂಡುಮೇಜಿನ ಸುತ್ತ ಕೂರಿಸಿ, ವಾದ ಬೇಡ, ನಿಮ್ಮ ನಿಮ್ಮ ಧರ್ಮವು ಬದುಕಿನಲ್ಲಿ ನಿಮಗೆ ಏನಾಗಿದೆಯೆಂಬುದನ್ನು ಮಾತ್ರ ಹೇಳಿರೆಂದು ಕೇಳುತ್ತಿದ್ದರು. ಜೋನ್ಸ್ ಅವರು ಮೇಜನ್ನು ಹಾಕಿ ಕರೆದರು. ಚನ್ನಪ್ಪನವರು ಪರರ ಜಗುಲಿಗೆ ಹೋಗಿ ಕುಳಿತರು. ಎರಡನೆಯದೇ ನನಗೆ ಹೆಚ್ಚು ಹಿಡಿಸುತ್ತದೆ.

ಖಾನಾಪುರದ ಕಡೆಗೆ ಸಾಗಿದರೆ ನೆಲದ ಮುಖವೇ ಬೇರೆಯಾಗುತ್ತದೆ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ, ಮಳೆಗಾಲವೆಲ್ಲ ಹಂಚಿನ ಮಾಡುಗಳು ತೊಟ್ಟಿಕ್ಕುವ, ಕನ್ನಡ ಮರಾಠಿ ಕೊಂಕಣಿಗಳು ಒಂದೇ ಸಂತೆಯಲ್ಲಿ ಬೆರೆಯುವ ಕಾಡುಸೀಮೆಯದು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡವು ಈ ತಾಲ್ಲೂಕಿನಲ್ಲಿದೆ. ರೈಲ್ವೆಯಿಂದ ಬೆಳೆದ ಲೋಂಡಾವೂ ಇಲ್ಲಿಯದೇ. ಇಲ್ಲಿಯ ಕ್ಯಾಥೊಲಿಕರಲ್ಲಿ ಅನೇಕರ ಪೂರ್ವಿಕರು ಘಟ್ಟ ಹತ್ತಿ ಗೋವೆಯಿಂದ ಬಂದವರು, ಎಂದರೆ ಇವರೂ ಒಂದು ಕಾಲದ ಆಗಂತುಕರು. ಹಳೆಯ ಗೋವೆಯಲ್ಲಿ ಡಿಸೆಂಬರ್ 3ರಂದು ನಡೆಯುವ ಸಂತ ಫ್ರಾನ್ಸಿಸ್ ಜೇವಿಯರರ ಹಬ್ಬಕ್ಕೆ ಬೆಳಗಾವಿಯಿಂದ ಕಾಲ್ನಡೆಯಲ್ಲಿ ಹೋಗುವವರಿಗೆ ಜಾಂಬೋಟಿ ಕಣಕುಂಬಿಗಳ ಮೇಲಿಂದ ಚೋರ್ಲಾ ಘಟ್ಟದ ದಾರಿ. ಕ್ರೈಸ್ತರ ಮನೆಗಳು ವಿರಳವಾದ ಆ ದಾರಿಯಲ್ಲಿ ಯಾತ್ರಿಕನು ನೀರು ಕೇಳುವುದು ಎದುರಿಗೆ ಸಿಕ್ಕ ಮನೆಯಲ್ಲಿ, ಬೆನ್ನು ಚಾಚುವುದು ಸಿಕ್ಕ ಜಗುಲಿಯಲ್ಲಿ. ಕೊಡುವವರು ಅವನ ದೇವರಾರೆಂದು ಕೇಳುವುದಿಲ್ಲ. ತನ್ನ ಭಕ್ತಿಯು ಅನ್ಯಮತೀಯನ ತಂಬಿಗೆಯ ನೀರಿನಿಂದ ನಡೆಯಿತೆಂದು ಅರಿತವನು, ಮುಂದೆ ತನ್ನ ಅಂಗಳಕ್ಕೆ ಬಂದ ವಾರಕರಿಯನ್ನು ಬೇರೆ ಕಣ್ಣಿನಿಂದ ನೋಡಲು ಕಲಿತಿರುತ್ತಾನೆ.

ಇಷ್ಟು ಹೇಳಿದ ಮೇಲೆ ಕಹಿಯಾದುದನ್ನೂ ಹೇಳದೆ ವಿಧಿಯಿಲ್ಲ. 2021ರ ಡಿಸೆಂಬರ್ 23ರಂದು, ಕುಲ್‌ಕುಲ್ ಸುತ್ತುವ ಆ ವಾರದಲ್ಲಿಯೇ, ಇದೇ ಬೆಳಗಾವಿಯ ಸುವರ್ಣಸೌಧದಲ್ಲಿ ವಿಧಾನಸಭೆಯು ಮತಾಂತರವನ್ನು ನಿಯಂತ್ರಿಸುವ ಮಸೂದೆಯನ್ನು ಅಂಗೀಕರಿಸಿತು. 2022ರಲ್ಲಿ ಅದು ಕಾಯಿದೆಯಾಯಿತು. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಚಿವ ಸಂಪುಟವು ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಆ ಕಾಯಿದೆಯಲ್ಲಿ ‘ಆಮಿಷ’ವೆಂದರೇನೆಂದು ವಿವರಿಸುವಾಗ ಉಡುಗೊರೆಯನ್ನೂ ಧಾರ್ಮಿಕ ಸಂಸ್ಥೆಗಳ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವನ್ನೂ ಸೇರಿಸಲಾಗಿತ್ತು. ಹಬ್ಬದ ತಾಟು ಆಮಿಷವೆ? ಬಡ ಹುಡುಗನ ಫೀ ಕಟ್ಟಿದ್ದು ಆಮಿಷವೆ? ಎಂದು ಆ ದಿನಗಳಲ್ಲಿ ಅನೇಕ ಮನೆಗಳಲ್ಲಿ ಗುಸುಗುಸು ಮಾತುಗಳಾದವು. ಕಾನೂನಿನ ಗುಣದೋಷವನ್ನು ವಿಮರ್ಶಿಸುವ ಉದ್ದೇಶ ನನಗಿಲ್ಲ. ಒಂದು ಮಾತನ್ನು ಮಾತ್ರ ಹೇಳಬಲ್ಲೆನು: ಆಮಿಷದ ವಿರುದ್ಧ ಎಲ್ಲಕ್ಕಿಂತ ಕಟುವಾದ ನಿಯಮವು ಯಾವ ವಿಧಾನಸಭೆಯದೂ ಅಲ್ಲ, ಲೂಕನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯದ್ದು, ತಿರುಗಿ ಕರೆಯಬಲ್ಲವರನ್ನು ಬಿಟ್ಟು, ಪ್ರತಿಫಲ ಕೊಡಲು ಏನೂ ಇಲ್ಲದವರನ್ನು ಊಟಕ್ಕೆ ಕರೆಯಬೇಕೆಂದು ಅದು ವಿಧಿಸುತ್ತದೆ. ಬಡಿಸಿದವನು ಅತಿಥಿಯ ಹೆಸರನ್ನು ಸಭೆಯ ದಾಖಲೆಪುಸ್ತಕದಲ್ಲಿ ಬರೆದುಕೊಳ್ಳಲು ಕಾಯುತ್ತಿದ್ದರೆ, ಆ ಊಟಕ್ಕೆ ಬೆಲೆಯೊಂದು ಗೊತ್ತಾಗಿದೆಯೆಂದೇ ಅರ್ಥ. ಅಂಥ ಊಟಗಳು ನಡೆದಿಲ್ಲವೆಂದು ಪ್ರಮಾಣ ಮಾಡುವಷ್ಟು ಮುಗ್ಧನು ನಾನಲ್ಲ. ನೆರೆಯವನ ಸಂಶಯವು ಎಲ್ಲ ಕಡೆಯೂ ದ್ವೇಷದಿಂದಲೇ ಹುಟ್ಟಿದ್ದೆಂದು ಹೇಳಲೂ ಬಾರದು. ಆ ಸಂಶಯವನ್ನು ಕಳೆಯಲು ಒಂದೇ ಸಾಧನವಿದ್ದಂತೆ ತೋರುತ್ತದೆ: ಅವನು ಕೊಟ್ಟುದನ್ನು ತಾನೂ ಉಣ್ಣುವುದು. ಗಣೇಶ ಚೌತಿಯ ಮೋದಕವನ್ನು ಬಾಗಿಲಲ್ಲೇ ಬೇಡವೆಂದು ಹಿಂದಕ್ಕೆ ಕಳುಹಿಸಿದ ಮನೆಯವರು, ಡಿಸೆಂಬರಿನಲ್ಲಿ ತಾವು ಕಳುಹಿಸಿದ ಕೇಕು ಸಂತೋಷದಿಂದ ಸ್ವೀಕೃತವಾಗಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಪ್ರಸಾದದ ವಿಷಯದಲ್ಲಿ ಮನಸ್ಸಾಕ್ಷಿಯ ತೊಡಕುಳ್ಳವರು ಇರುತ್ತಾರೆ, ಅವರದು ನಿಜವಾದ ತೊಡಕೇ. ಆದರೂ ಅದನ್ನು ಹೇಳುವ ಧಾಟಿಯಲ್ಲಿ ಭೇದವುಂಟು. ಹಬ್ಬದ ಮರುದಿನ ತಾವಾಗಿಯೇ ಹೋಗಿ, ವೈನಿಯ ಕೈಯ ಚಹಾ ಕುಡಿದು, ಮಕ್ಕಳ ಕುಶಲ ಕೇಳಿ ಬರುವವರನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ದೊಡ್ಡ ಉದಾಹರಣೆಗಳಿಂದ ಓದುಗರಿಗೆ ದಣಿವಾಗಿರಬಹುದು. ದಿನದಿನದ ಕೆಲಸವು ಇದಕ್ಕಿಂತ ಸಣ್ಣದು. ಬೆಳಗಾವಿಯು ಈಗ ವಿದ್ಯಾರ್ಥಿಗಳ ಊರು. ಏಳು ಜನ ಶಿಕ್ಷಕರು ಸೇರಿ 1916ರಲ್ಲಿ ಕಟ್ಟಿದ ಕೆ.ಎಲ್.ಇ. ಸಂಸ್ಥೆಯ ಕಾಲೇಜುಗಳಿಗೂ ಆಸ್ಪತ್ರೆಗೂ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ದೂರದೂರದಿಂದ ಮಕ್ಕಳು ಬರುತ್ತಾರೆ. ಹಾಸ್ಟೆಲಿನ ಭಾನುವಾರದ ರಾತ್ರಿಗೆ ಮೆಸ್ಸಿನ ಬಾಗಿಲು ಮುಚ್ಚಿರುತ್ತದೆ. ಆರಾಧನೆ ಮುಗಿಸಿ ಹೊರಬರುವಾಗ ಹಿಂದಿನ ಬೆಂಚಿನಲ್ಲಿ ಒಂಟಿಯಾಗಿ ಕುಳಿತಿದ್ದ ಹುಡುಗಿಯನ್ನು, ಆಕೆಯೊಡನೆ ಬಂದ ಬೇರೆ ಮತದ ಗೆಳತಿಯನ್ನೂ, “ನಡೀರಿ, ಮನ್ಯಾಗ ಏನ್ ಐತಿ ಅದ ಊಟಾ ಮಾಡೋಣ” ಎಂದು ಕರೆದೊಯ್ಯುವ ತಾಯಂದಿರಿದ್ದಾರೆ. ಮನೆಯಲ್ಲಿ ಇರುವುದು ಚಪಾತಿ, ಬದನೆಕಾಯಿ, ನಿನ್ನೆಯ ಸಾರು. ಏನಿದೆಯೋ ಅದನ್ನೇ ಎಂಬ ಕರೆಯಲ್ಲಿ, ತಟ್ಟೆ ಲೋಟಗಳನ್ನು ಬೀರುವಿನಿಂದ ತೆಗೆದು ನಡೆಸುವ ಔತಣದಲ್ಲಿ ಇಲ್ಲದ ಸಲಿಗೆ ಉಂಟು. ಬಂದವರು ಉಂಡ ತಾಟನ್ನು ತಾವೇ ಬಚ್ಚಲಿಗೆ ಒಯ್ದು ತೊಳೆಯುವಾಗ ಅದು ತಿಳಿಯುತ್ತದೆ. ತಾಲ್ಲೂಕು ಕಚೇರಿಯಲ್ಲಿ ಕೈ ಚಾಚದ ಒಬ್ಬ ಗುಮಾಸ್ತ, ಆಸ್ಪತ್ರೆಯ ವಾರ್ಡಿನಲ್ಲಿ ರಾತ್ರಿ ಮೂರು ಗಂಟೆಗೂ ಗದರದ ಒಬ್ಬ ಸಿಸ್ಟರ್, ಇವರ ಪ್ರಭಾವಕ್ಕೂ ಈ ಅಡುಗೆಮನೆಗೂ ಸಂಬಂಧವಿದೆಯೆಂದು ನಾನು ಊಹಿಸುತ್ತೇನೆ. ಮನೆಯಲ್ಲಿ ಅಪರಿಚಿತರೊಡನೆ ಉಂಡು ಬೆಳೆದವರಿಗೆ ಕಚೇರಿಯ ಕಿಟಕಿಯ ಆಚೆ ನಿಂತವನು ಬರಿಯ ಅರ್ಜಿದಾರನಾಗಿ ಕಾಣಲಾರನು.

ಇತ್ತೀಚೆಗೆ ಕ್ಯಾಂಪಿನ ಹಳೆಯ ಬಂಗಲೆಗಳ ಮಕ್ಕಳು ಹೊಸ ಬಡಾವಣೆಗಳ ಫ್ಲ್ಯಾಟುಗಳಿಗೆ ಹೋಗಿದ್ದಾರೆ. ದೋದೋಲಿಗೆ ಗಂಟೆಗಟ್ಟಲೆ ಕೈಯಾಡಿಸುವ ಪುರುಸೊತ್ತು ಇಬ್ಬರೂ ನೌಕರಿಗೆ ಹೋಗುವ ಮನೆಗಳಲ್ಲಿಲ್ಲ. ಹಬ್ಬದ ತಿಂಡಿಯನ್ನು ಬೇಕರಿಯಿಂದ ತಂದು, ಬೇಕರಿಯ ರಟ್ಟಿನ ಡಬ್ಬಿಯಲ್ಲಿಯೇ ನೆರೆಮನೆಗೆ ಕಳುಹಿಸುವುದು ರೂಢಿಯಾಗುತ್ತಿದೆ. ರುಚಿಯಲ್ಲಿ ಅಂಥ ದೊಡ್ಡ ವ್ಯತ್ಯಾಸವಿಲ್ಲದಿರಬಹುದು; ರಟ್ಟಿನ ಡಬ್ಬಿಯನ್ನು ಮಾತ್ರ ಯಾರೂ ತೊಳೆದು ಹಿಂದಕ್ಕೆ ಕಳುಹಿಸುವುದಿಲ್ಲ, ಅದರೊಂದಿಗೆ ಬರಬೇಕಾಗಿದ್ದ ಹಿಡಿ ಸಕ್ಕರೆಯೂ ಎರಡನೆಯ ಭೇಟಿಯೂ ಅಲ್ಲಿಗೇ ನಿಂತುಹೋಗುತ್ತವೆ. ಇದನ್ನು ಬಲ್ಲ ಹಿರಿಯ ಗೃಹಿಣಿಯರು ಕೊಂಡು ತಂದ ಕೇಕನ್ನೂ ಡಬ್ಬಿಯಿಂದ ಬಿಡಿಸಿ, ಮನೆಯ ಹೆಸರು ಕೊರೆಸಿದ ಸ್ಟೀಲಿನ ತಾಟಿನಲ್ಲಿಟ್ಟೇ ಕಳುಹಿಸುತ್ತಾರೆ.